ತಿಪ್ಪೇರುದ್ರಪ್ಪನವರ ಮೂಗಿಗೆ ಒಂದು ಬಿನ್ನಹ

ಸಿರುಗುಪ್ಪದ ಅಕ್ಕಿ ವ್ಯಾಪಾರಿ ತಿಪ್ಪೇರುದ್ರಪ್ಪನವರ ಮುಖದ ನಟ್ಟನಡುವೆ ಕಾಯಂ ಹುದ್ದೆಯಲ್ಲಿರುವ ಮಾನ್ಯ ಮೂಗಿನವರೇ,

ಬಳ್ಳಾರಿ ಕಂಟೋನ್ಮೆಂಟಿನ ನಿವಾಸಿ, ಗಂಗೋತ್ರಿಯ ತಾಯಿ ಸುನಂದಾ ಮಾಡುವ ಅನಂತ ನಮಸ್ಕಾರಗಳು. ತಮ್ಮ ಒಡೆಯರಿಗೆ ಬರೆಯದೆ ನೇರವಾಗಿ ತಮಗೇ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಆ ಮನೆತನದಲ್ಲಿ ತೀರ್ಮಾನವೆಲ್ಲ ತಮ್ಮದೇ, ಉಳಿದವರು ತಮ್ಮ ನೇರಕ್ಕೆ ನಡೆಯುವವರು ಎಂಬುದು ಈಗ ಊರಿಗೆಲ್ಲ ಗೊತ್ತಾಗಿದೆ.

ಒಂದು ಹಿಡಿ ಅಕ್ಕಿ ಮೂಸಿ ಅದು ಹಳೆಯದೋ ಹೊಸದೋ, ಯಾವ ಕಾಲುವೆಯ ನೀರು ಕುಡಿದದ್ದೋ ಹೇಳಬಲ್ಲವರು ತಾವು ಎಂದು ಕೇಳಿದ್ದರಿಂದ, ತಮ್ಮ ಸೋದರಳಿಯ ವೀರೇಶನನ್ನು ಕರೆದುಕೊಂಡು ಅವನಿಗೆ ನನ್ನ ಮಗಳನ್ನು ನೋಡಲು ತಾವು ದಯಮಾಡಿಸಿದ ದಿನ ನಾವು ಮೂಗಿನ ಮೇಲೆ ಬೆರಳಿಡಲು ಸಿದ್ಧರಾಗಿಯೇ ಕೂತಿದ್ದೆವು. ಹುಡುಗ ಹುಡುಗಿ ಮೊದಲೇ ಫೋನಿನಲ್ಲಿ ಮಾತಾಡಿ ಮೆಚ್ಚಿಕೊಂಡಿದ್ದರು, ಉಳಿದದ್ದು ಶಾಸ್ತ್ರವೊಂದೇ. ಆದರೆ ತಾವು ಹುಡುಗಿಯ ಮುಖ ನೋಡುವ ಮೊದಲೇ ಅಡುಗೆಮನೆಗೆ ತೂರಿಕೊಂಡಿರಿ, ಡಬ್ಬಿಗಳ ಮುಚ್ಚಳ ತೆಗೆಸಿದಿರಿ, ನಾನು ಬೆಳಗಿನಿಂದ ಬೆವರು ಸುರಿಸಿ ಮಾಡಿದ ಒಗ್ಗರಣೆ ಮಂಡಕ್ಕಿ, ಮಿರ್ಚಿಗಳನ್ನು ನೋಡಿ ಮುರಿದುಕೊಂಡಿರಿ. ಕೊನೆಗೆ, "ಈ ಮನ್ಯಾಗ ಮೀನಿನ ವಾಸನಿ ಐತಿ, ನಮ್ಮಂಥ ಲಿಂಗ ಕಟ್ಟಿದವ್ರಿಗೆ ಇದು ಕೂಡಿಬರಂಗಿಲ್ಲ" ಎಂದು ತಮ್ಮ ಕೆಳಗಿರುವ ಬಾಯಿಯವರಿಂದ ಹೇಳಿಸಿ ಎದ್ದೇ ಹೋದಿರಿ. ಕೋಪ ತಮ್ಮ ತುದಿಯಲ್ಲೇ ಮನೆ ಮಾಡಿರುವುದರಿಂದ ಅದಕ್ಕೆ ಬಹಳ ದೂರ ಬರಬೇಕಾಗಲಿಲ್ಲ.

ಅಯ್ಯೋ ಶಿವನೇ! ನಾನು ಹುಚ್ಚಿಯ ಹಾಗೆ ಮನೆಯೆಲ್ಲ ಮೂಸಿದೆ. ಮಹಡಿಯ ಮನೆಯ ಪಂಪಾವತಿಯನ್ನು ಕೇಳಿದರೆ, "ಇವತ್ತು ಬ್ಯಾಳಿ ಸಾರು ಮಾಡೀನಿ ಅಕ್ಕಾ, ಮೀನು ಮಾಡಿದ್ರ ನಾ ಯಾಕ ಮುಚ್ಚಿಡ್ಲಿ?" ಎಂದು ಅವಳು ಸಿಟ್ಟಾದಳು, ಆ ಸಿಟ್ಟು ನ್ಯಾಯವಾದದ್ದೇ. ಕೊನೆಗೆ ವಾಸನೆ ಸಿಕ್ಕಿದ್ದು ತಮ್ಮ ಒಡೆಯರು ಸಿಟ್ಟಿನ ಭರದಲ್ಲಿ ನಮ್ಮ ಕುರ್ಚಿಯ ಮೇಲೆ ಮರೆತುಹೋದ ಶಾಲಿನಲ್ಲಿ. ಅದರ ಮಡಿಕೆಯೊಳಗೆ ಮೀನಿನ ಪೊರೆಗಳು ಅಂಟಿಕೊಂಡಿದ್ದವು. ಆಮೇಲೆ ತಿಳಿಯಿತು, ಬಸ್ಸಿನಲ್ಲಿ ಕೆಂಚನಗುಡ್ಡದ ಹೊಳೆಮೀನಿನ ಬುಟ್ಟಿಯೊಂದು ಅವರ ಪಕ್ಕದಲ್ಲೇ ಇತ್ತಂತೆ, ಶಾಲಿನ ಅಂಚು ದಾರಿಯುದ್ದಕ್ಕೂ ಅದರೊಳಗೇ ಮಲಗಿತ್ತಂತೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಯೇನೆಂದರೆ, ದಯವಿಟ್ಟು ಮುಖದಿಂದ ಹೆಗಲಿಗೆ ವರ್ಗ ಮಾಡಿಸಿಕೊಳ್ಳಿ. ಅಲ್ಲಿದ್ದರೆ ಪರರ ಅಡುಗೆಮನೆಗಿಂತ ಮೊದಲು ಸ್ವಂತ ಶಾಲು ಎದುರಾಗುತ್ತದೆ. ವರ್ಗಾವಣೆ ಸಿಗದಿದ್ದರೆ ಮದುವೆ ಮಾತುಕತೆಯ ಕಾಲದಲ್ಲಾದರೂ ನೆಗಡಿಯ ರಜೆ ಹಾಕಿ.

ಇಷ್ಟಾದರೂ ಮುರಿದದ್ದನ್ನು ಜೋಡಿಸಬಹುದಿತ್ತು. ಗಂಗೋತ್ರಿ ಆಸೆಯಿಂದ ವೀರೇಶನಿಗೆ ಫೋನ್ ಮಾಡಿ ಶಾಲಿನ ಸಂಗತಿ ಹೇಳಿದಳು. ಅವನು, "ನಂಗ ಬಸ್ಸಿನ್ಯಾಗ ಗೊತ್ತಾಗಿತ್ತು, ಆದ್ರ ಮಾವನ ಮುಂದ ಹೆಂಗ ಬಾಯಿ ಬಿಡ್ಲಿ?" ಎಂದನಂತೆ. ಮಗಳು ಫೋನ್ ಇಟ್ಟು, ಕಣ್ಣೊರೆಸಿಕೊಂಡು, ಆರಿಹೋದ ಮಿರ್ಚಿಯೊಂದನ್ನು ಕಚ್ಚಿ, "ನಾಳಿ ಅವ್ರ ಮನ್ಯಾಗ ನನಗ ಯಾರರ ಏನರ ಅಂದ್ರ ಇವ ಏನು ಮಾತಾಡ್ತಾನವ್ವಾ? ಬ್ಯಾಡ" ಎಂದಳು. ನನಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು. ಹೀಗಾಗಿ ಈ ಸಂಬಂಧವನ್ನು ಬೇಡವೆಂದವರು ತಾವಲ್ಲ, ನನ್ನ ಮಗಳು ಎಂದು ತಿಳಿಸಲು ಸಂತೋಷಪಡುತ್ತೇನೆ.

ತಮ್ಮ ಗಾಳಿ ಸೋಕದಷ್ಟು ದೂರದಿಂದ,
ತಮ್ಮ ವಿಶ್ವಾಸಿ,
ಸುನಂದಾ

ತಾ.ಕ.: ಶಾಲು ಒಗೆದು ಒಣಹಾಕಿದ್ದೇನೆ, ಬಳ್ಳಾರಿಯ ಬಿಸಿಲಿಗೂ ವಾಸನೆ ಬಗ್ಗಿಲ್ಲ. ಒಯ್ಯಲು ವೀರೇಶನನ್ನೇ ಕಳಿಸಿ. ಬರುವಾಗ ಬಾಯಿಯನ್ನೂ ಜೊತೆಗೆ ತಂದರೆ ಒಂದು ಬಿಸಿ ಮಿರ್ಚಿ ತಿಂದು ಹೋಗಬಹುದು.