ಅಂಟಣ್ಣನ ನಕಲು

ಎಲ್ಲದಕ್ಕೂ ಕಾರಣ ಹೆಬ್ಬೆರಳಿಗೆ ಮೆತ್ತಿ ಒಣಗಿದ್ದ ಒಂದು ಪದರ ಅಂಟು.

ಪುಸ್ತಕ ಬೈಂಡಿಂಗ್ ಕಾರ್ಖಾನೆಯಲ್ಲಿ ಅಂಟು ಹಚ್ಚುವ ಅಂಟಣ್ಣನಿಗೆ ಅಂದು ಮೇಸ್ತ್ರಿ ಪದವಿ ಸಿಗುವುದಿತ್ತು. ಹನ್ನೆರಡು ವರ್ಷ ಕಾದ ಪದವಿ. ಪ್ರತಿ ಸಲವೂ ಅವನ ಕೋಪವೇ ಅದನ್ನು ನುಂಗಿಹಾಕಿತ್ತು. "ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ರೀ. ಯಾರೇನಂದ್ರೂ ನಗ್ತಾ ಇರಿ" ಎಂದು ಹೆಂಡತಿ ಬುತ್ತಿಯ ಜೊತೆ ಬುದ್ಧಿಯನ್ನೂ ಕಟ್ಟಿ ಕಳಿಸಿದ್ದಳು.

ಬಾಗಿಲಿನ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿದ. ಕೆಂಪು ದೀಪ. "ಈ ವ್ಯಕ್ತಿಯ ಗುರುತು ಸಿಗುತ್ತಿಲ್ಲ" ಎಂದಿತು ಯಂತ್ರ. ಬೇರೆ ದಿನವಾಗಿದ್ದರೆ ಅದರ ವಂಶವನ್ನೇ ಜಾಲಾಡುತ್ತಿದ್ದ. ಅಂದು ಫೋಟೋಕ್ಕೆ ನಿಂತ ಮದುಮಗನ ಹಾಗೆ ನಕ್ಕು ಒಳಗೆ ಹೋದ.

ಹಿಂದೆ ನಿಂತಿದ್ದ, ಕಾಗದ ಕತ್ತರಿಸುವ ಕಟಿಂಗ್ ಅಕ್ಕ ಹೌಹಾರಿದಳು. ಹಿಂದಿನ ಸಂಜೆಯಷ್ಟೇ ಎಲ್ಲರೂ ಕ್ಯಾಂಟೀನಿನ ಟಿವಿಯಲ್ಲಿ ಹಳೆಯ ಕಪ್ಪು ಬಿಳುಪು ಸಿನಿಮಾ ನೋಡಿದ್ದರು. ಅದರಲ್ಲಿ ಆಕಾಶದಿಂದ ಬಂದವರು ಮನುಷ್ಯರ ನಕಲು ಮಾಡಿಟ್ಟು ಅಸಲಿಯನ್ನು ಮಾಯ ಮಾಡುತ್ತಾರೆ. ಮುಖ ಅದೇ, ದನಿ ಅದೇ. ಕೋಪ ಮಾತ್ರ ಬರುವುದಿಲ್ಲ. ಅಂಟಣ್ಣನೊಬ್ಬನೇ ಸಿನಿಮಾ ಬಿಟ್ಟು, ಮಿಕ್ಕ ಕೆಲಸ ಮುಗಿಸುತ್ತ ಅಂಟಿನಲ್ಲಿ ಮುಳುಗಿದ್ದ.

"ಯಂತ್ರಾನೇ ಗುರುತು ಹಿಡೀಲಿಲ್ಲ ಕಣ್ರೋ! ಅದಕ್ಕೆ ಅವನು ನಕ್ಕ!" ಎಂದು ಅಕ್ಕ ಒಳಗಿದ್ದವರ ಕಿವಿಯಲ್ಲಿ ಉಸುರಿದಳು.

"ಅಂಟಣ್ಣ? ನಕ್ಕನಾ?" ಪುಸ್ತಕದ ಹೊಲಿಗೆಯವನ ಕೈಯಿಂದ ಸೂಜಿ ಜಾರಿತು.

ಪರೀಕ್ಷೆ ಶುರುವಾಯಿತು. ಅಕ್ಕ ಬೇಕೆಂದೇ ಅವನ ಕಾಲು ತುಳಿದಳು. "ಪರವಾಗಿಲ್ಲ ಅಕ್ಕಾ, ಇನ್ನೊಂದು ಕಾಲಿದೆಯಲ್ಲ" ಎಂದ. ಹೊಲಿಗೆಯವನು ಅವನ ಬುತ್ತಿಯನ್ನು ಕಣ್ಣೆದುರೇ ಖಾಲಿ ಮಾಡಿದ. "ಹೊಟ್ಟೆ ತುಂಬ್ತೇನಪ್ಪಾ?" ಎಂದು ಅಂಟಣ್ಣ ಹಲ್ಲು ಕಚ್ಚಿಕೊಂಡೇ ನಕ್ಕ.

ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನಮ್ಮ ಅಂಟಣ್ಣನ್ನ ಏನು ಮಾಡಿದ್ಯೋ ಪಾಪಿ? ಬೈತಿದ್ರೂ ಬಂಗಾರದಂಥ ಮನುಷ್ಯ!"

ಸಂಜೆಯ ಹೊತ್ತಿಗೆ ಅವನನ್ನು ಕಾಗದದ ಕೋಣೆಗೆ ನೂಕಿ ಚಿಲಕ ಹಾಕಿದರು. ಆಗಲೂ ಒಳಗಿನಿಂದ "ತಂಪಾಗಿದೆ ಇಲ್ಲಿ" ಎಂಬ ದನಿ ಬಂತು. ಅಷ್ಟರಲ್ಲಿ ಮ್ಯಾನೇಜರ್ ಮೇಸ್ತ್ರಿ ಪದವಿಯ ಆದೇಶದ ಕಾಗದ ಹಿಡಿದು ಬಂದರು.

"ಸಾರ್, ಅದು ನಕಲು!" ಹೊಲಿಗೆಯವನು ಒಂದು ಪುಸ್ತಕ ಎತ್ತಿ ತೋರಿಸಿದ. "ಅಸಲಿ ಅಂಟಣ್ಣ ಆಗಿದ್ರೆ ಹೀಗೆ ಸೊಟ್ಟ ಬೈಂಡ್ ಮಾಡ್ತಿದ್ನಾ?"

ಬಾಗಿಲು ಗುದ್ದಿನಿಂದ ನಡುಗಿತು. "ಯಾವನೋ ಸೊಟ್ಟ ಅಂದೋನು? ನಿನ್ನ ಕಣ್ಣು ಸೊಟ್ಟ, ನಿನ್ನ ಹೊಲಿಗೆ ಸೊಟ್ಟ! ಆ ಮ್ಯಾನೇಜರ್ ತರಿಸೋ ನೀರುನೀರು ಅಂಟಲ್ಲಿ ಪುಸ್ತಕ ನಿಲ್ತಿರೋದೇ ನನ್ನ ಕೈಗುಣ!"

"ಅಸಲಿ! ನಮ್ಮವನೇ!" ಎಲ್ಲರೂ ಚಿಲಕ ತೆಗೆದು ಅವನನ್ನು ಎತ್ತಿ ಕುಣಿದರು. ಗುದ್ದಿದ ರಭಸಕ್ಕೆ ಹೆಬ್ಬೆರಳಿನ ಅಂಟು ಚಕ್ಕೆಯಾಗಿ ಉದುರಿತ್ತು.

ಮ್ಯಾನೇಜರ್ ಆದೇಶವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. "ಇವರು ಅಸಲಿ ಅನ್ನೋದ್ರಲ್ಲಿ ನನಗೂ ಅನುಮಾನ ಇಲ್ಲ. ಆದ್ರೆ ಇದನ್ನ ಬರೆದಿದ್ದು ಬೆಳಗ್ಗೆಯಿಂದ ನಗ್ತಿದ್ರಲ್ಲ, ಅವರ ಹೆಸರಿಗೆ. ಸಿಕ್ಕರೆ ಕಳಿಸಿ."

ಹೊರಡುವಾಗ ಅಂಟಣ್ಣ ಯಂತ್ರಕ್ಕೆ ಬೆರಳು ಒತ್ತಿದ. ಹಸಿರು ದೀಪ ಹೊತ್ತಿತು.

"ಸ್ವಾಗತ. ನೀವು ಎಂಟು ಗಂಟೆ ತಡವಾಗಿ ಬಂದಿದ್ದೀರಿ."