ಅಣ್ಣನ ರೆಪ್ಪೆ ತಪಾಸಣೆ

ನಮ್ಮ ಅಣ್ಣ ಮುಂಡಗೋಡದಲ್ಲಿ ಯಾರಿಂದಲೂ ಏಟು ತಿನ್ನದೆ ಬಾಳಿದ್ದು ಹೇಗೆ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಳೋಣವೆಂದರೆ ಈಗ ಅವನಿಲ್ಲ. ನಮ್ಮ ಹಿಟ್ಟಿನ ಗಿರಣಿಗೆ ಬಂದ ಗಿರಾಕಿಯಾಗಲಿ, ಮನೆಗೆ ಬಂದ ಬೀಗರಾಗಲಿ, ಮುಖದ ಹತ್ತಿರ ಮುಖ ತಂದು ಅವರ ಕಣ್ಣಿನ ರೆಪ್ಪೆ ನೋಡುತ್ತಿದ್ದ! "ಸ್ವಲ್ಪ ಕಣ್ಣ ಮುಚ್ಚರಿ" ಎಂದು ಅಪ್ಪಣೆ ಬೇರೆ. ಜನ ಮುಚ್ಚುತ್ತಿದ್ದರು. ಮುಚ್ಚದೆ ಏನು ಮಾಡಿಯಾರು? ಅವರ ಜೋಳ ಅವನ ಕೈಯಲ್ಲಿರುತ್ತಿತ್ತಲ್ಲ!

ಇದೆಲ್ಲ ಶುರುವಾದದ್ದು ನಮ್ಮ ಮನೆಯ ಗಂಡಸರ ಕಣ್ಣಿನಿಂದ. ಅಪ್ಪನಿಗೂ ಕಾಕಾನಿಗೂ ರೆಪ್ಪೆಯ ಒಳಮೂಲೆಯಲ್ಲಿ ಬೆಣ್ಣೆ ಮೆತ್ತಿದ ಹಾಗೆ ಹಳದಿ ಮಚ್ಚೆ. ನಾವು ಅದನ್ನು ಮನೆತನದ ಬಂಗಾರವೆಂದುಕೊಂಡಿದ್ದೆವು. ಅಣ್ಣನಿಗಂತೂ ಮೀಸೆ ಬಲಿಯುವ ಹೊತ್ತಿಗೇ ಆ ಬಂಗಾರ ಮೂಡಿತು. ಕನ್ಯೆ ನೋಡಲು ಹೋದಾಗ ಹುಡುಗಿಯ ಅಪ್ಪ, "ಕಣ್ಣಿಗೆ ಏನಾಗೇತ್ರಿ?" ಎಂದು ಕೇಳಿದರೆ, "ಲಕ್ಷ್ಮೀ ಕುಂತಾಳ್ರಿ" ಎಂದ. ಮದುವೆಯೂ ಆಗಿಹೋಯಿತು!

ಅಪ್ಪ ಗಿರಣಿಯಲ್ಲೇ ಎದೆ ಹಿಡಿದುಕೊಂಡು ಬಿದ್ದದ್ದನ್ನು, ಕಾಕಾ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಕುಳಿತವನು ಏಳದೇ ಹೋದದ್ದನ್ನು ನಾವ್ಯಾರೂ ಆ ಬಂಗಾರದ ಜೊತೆ ಸೇರಿಸಿ ನೋಡಿರಲಿಲ್ಲ. ಇಬ್ಬರ ತಲೆಯಲ್ಲೂ ಬಿಳಿ ಕೂದಲು ಬಂದಿರಲಿಲ್ಲ.

ಅಣ್ಣನಿಗೂ ಎದೆನೋವು ಬಂದಾಗ ಹುಬ್ಬಳ್ಳಿಗೆ ಕರೆದೊಯ್ದೆವು. ಡಾಕ್ಟರರು ಎದೆಗೆ ಕೈಹಚ್ಚುವ ಮೊದಲೇ ರೆಪ್ಪೆ ನೋಡಿದರು. "ನಿಮ್ಮ ತಂದಿ ಅದಾರೇನ್ರಿ?" ಎಂದರು. ಇಲ್ಲವೆಂದೆವು.

"ಈ ಹಳದಿ ಅಂದ್ರ ಕೊಬ್ಬು ರೀ. ಹುಟ್ಟಿದಾಗಿಂದ ನಿಮ್ಮ ರಕ್ತದಾಗ ಹೆಚ್ಚಿಗಿ ಐತಿ. ಕೊಬ್ಬಂದ್ರ ಸುಮ್ನ ಕೂಡೂ ವಸ್ತು ಅಲ್ಲ, ಮೈಗೆಲ್ಲ ಸುದ್ದಿ ಮುಟ್ಟಸ್ತೈತಿ. ತಾಯಿ ಹೊಟ್ಟ್ಯಾಗ ಕೂಸಿನ ಹೃದಯ ಕಟ್ಟೂ ಮುಂದ ಸೈತ ಅದರ ಸುದ್ದಿ ಬೇಕು. ಹೆಚ್ಚಾತಂದ್ರ ರಕ್ತನಾಳಕ್ಕ ತಪ್ಪು ಸುದ್ದಿ ಕೊಟ್ಟು ಬಾವು ತರತೈತಿ, ರಕ್ತ ಹರಿಯೂ ದಾರಿ ಕಟ್ಟತೈತಿ."

"ಅಂದ್ರ ಮನಿ ಕಟ್ಟಿದ ಗೌಂಡಿನ ಈಗ ಅದನ್ನ ಕೆಡವಾಕ ಬಂದಾನನ್ರಿ!" ಎಂದ ಅಣ್ಣ.

ಡಾಕ್ಟರರು ನಕ್ಕರು. ಇದು ಮಕ್ಕಳಿಗೂ ಬರಬಹುದು, ಮನೆಯವರೆಲ್ಲ ರಕ್ತ ತೋರಿಸಿಕೊಳ್ಳಿ ಎಂದರು. ಅಣ್ಣನಿಗೆ ಒಬ್ಬಳೇ ಮಗಳು. ಆಗಿನ್ನೂ ಪಾಟಿಚೀಲ ಹೊತ್ತು ಕನ್ನಡ ಶಾಲೆಗೆ ಹೋಗುತ್ತಿದ್ದಳು.

ಅಲ್ಲಿಂದ ಹುಚ್ಚು ಹಿಡಿಯಿತು ನೋಡಿ! ಕಾಕಾನ ಮಗನ ಮದುವೆ ಮಳಗಿ ಊರಿನಲ್ಲಿ. ಅಕ್ಷತೆ ಹಾಕಲು ಹೋದವನು ಮದುಮಗನ ರೆಪ್ಪೆಯನ್ನೇ ಹಿಡಿದು ಜಗ್ಗಿದ. ಬೀಗತಿ ಗಾಬರಿಯಾದಳು.

"ಹುಡುಗಗ ಕಣ್ಣ ಕಾಣಸೂದಿಲ್ಲೇನ್ರಿ?"

"ಕಣ್ಣ ಚಲೋ ಅದಾವ್ರಿ. ನಾ ಎದಿ ನೋಡಾಕತ್ತೇನಿ."

ಬೀಗತಿ ಅಲ್ಲೇ ಕುಸಿದು ಕುಳಿತಳು!

ಟಿಬೆಟನ್ ಕಾಲೊನಿಯಿಂದ ಗೋವಿನಜೋಳ ಬೀಸಿಸಲು ಬರುತ್ತಿದ್ದ ಮುದುಕ ಲಾಮಾ ಒಬ್ಬರಿದ್ದರು. ಅವರ ಚಷ್ಮಾ ತೆಗೆಸಿ ಅಣ್ಣ ಕಣ್ಣು ನೋಡಿದ. ಇದು ಈ ಊರಿನ ನಮಸ್ಕಾರ ಇರಬೇಕೆಂದು ಅವರೂ ಅಣ್ಣನ ಕಣ್ಣು ನೋಡಿದರು. ನೋಡಿ, "ಹಿಟ್ಟು, ಹಿಟ್ಟು" ಎನ್ನುತ್ತ ತಮ್ಮ ಕೆಂಪು ಬಟ್ಟೆಯ ಸೆರಗಿನಿಂದ ಆ ಹಳದಿಯನ್ನು ಒರೆಸತೊಡಗಿದರು. ಗಿರಣಿಯಲ್ಲಿದ್ದವರೆಲ್ಲ ನಕ್ಕರು, ಅಣ್ಣನೂ ನಕ್ಕ. ಒರೆಸಿದರೆ ಹೋಗುವಂಥದ್ದಾಗಿದ್ದರೆ!

ನನ್ನ ರಕ್ತದಲ್ಲಿ ಏನೂ ಇಲ್ಲವೆಂದು ಗೊತ್ತಾದ ದಿನ ಅಣ್ಣ ಊರಿಗೆಲ್ಲ ಪೇಢೆ ಹಂಚಿದ. ತಾನು ಮಾತ್ರ ಬೆರಳನ್ನೂ ನೆಕ್ಕಲಿಲ್ಲ.

ಊರವರ ರೆಪ್ಪೆಯನ್ನೆಲ್ಲ ನೋಡಿದವನು ಮಗಳದನ್ನು ಮಾತ್ರ ನೋಡಲಿಲ್ಲ. ಅವಳು ಗಿರಣಿಗೆ ಬುತ್ತಿ ತಂದರೆ ಅವಳ ಜಡೆ ನೋಡುತ್ತಿದ್ದ, ಚಪ್ಪಲಿ ನೋಡುತ್ತಿದ್ದ, ಮುಖದ ಸರದಿ ಬಂದಾಗ ಗಿರಣಿಯ ಪಟ್ಟಾ ಸರಿಮಾಡಲು ಏಳುತ್ತಿದ್ದ.

"ಅಣ್ಣಾ, ಅಕೀದು ರಕ್ತ ಯಾವಾಗ ತೋರಸ್ತಿ?"

"ಸಣ್ಣಾಕಿ ಅದಾಳ ಬಿಡವಾ. ಸೂಜಿಗೆ ಅಂಜತಾಳ."

ಅಂಜುತ್ತಿದ್ದವರು ಯಾರೆಂದು ನನಗೆ ಗೊತ್ತಿತ್ತು. ಹೇಳಿ ಏನು ಮಾಡುವುದು? ತಾನು ಕೊಟ್ಟದ್ದನ್ನು ತಾನೇ ಕಾಣಬೇಕಾದ ಅಪ್ಪನಿಗೆ ಯಾರು ಧೈರ್ಯ ಹೇಳಿಯಾರು?

ಎರಡನೆಯ ಸಲ ನೋವು ಬಂದಾಗ ಮತ್ತೆ ಹುಬ್ಬಳ್ಳಿಗೆ ಒಯ್ದೆವು. ಅಲ್ಲಿಂದ ಅವನನ್ನು ಜೀವಂತ ತಿರುಗಿ ತರಲಾಗಲಿಲ್ಲ. ಅವನು ಅಲ್ಲಿದ್ದಾಗಲೇ ಅತ್ತಿಗೆ ಮತ್ತು ನಾನು ಹುಡುಗಿಯ ರಕ್ತ ಕೊಡಿಸಿದೆವು. ಅವಳಿಗೂ ಇದೆ ಎಂದರು ಡಾಕ್ಟರರು. ಇಷ್ಟು ಬೇಗ ತಿಳಿದದ್ದು ಒಳ್ಳೆಯದಾಯಿತು, ಔಷಧವಿದೆ ಎಂದೂ ಹೇಳಿದರು. ಅಣ್ಣನ ಬಗ್ಗೆ ಕೇಳಿದರೆ ಹುಡುಗಿಯ ಔಷಧದ ಚೀಟಿಯನ್ನೇ ಮತ್ತೊಮ್ಮೆ ಓದಿ ಹೇಳಿದರು.

ನಾನು ಒಳಗೆ ಹೋದಾಗ ಅಣ್ಣ ನನ್ನ ಮುಖ ನೋಡಿಯೇ ಕೇಳಿದ.

"ಐತೇನು?"

"ಐತಿ. ಆದ್ರ ಅಕೀಗೆ ಗುಳಿಗಿ ಐತಂತ ಅಣ್ಣಾ. ಅಪ್ಪಗ ಇದ್ದಿದ್ದಿಲ್ಲ."

ತುಸು ಹೊತ್ತು ಗೋಡೆಯ ಕಡೆ ಹೊರಳಿಕೊಂಡ. ಆಮೇಲೆ ಮಗಳನ್ನು ಕರೆ ಎಂದ. ಅವಳು ಮಂಚದ ಅಂಚಿಗೆ ಬಂದು ಕುಳಿತು, ಗಿರಣಿಯ ಗಿರಾಕಿಗಳ ಹಾಗೆ ತಾನಾಗಿಯೇ ಕಣ್ಣು ಮುಚ್ಚಿದಳು.

"ಕಣ್ಣ ತೆಗಿಯವಾ. ಇನ್ನ ರೆಪ್ಪಿ ನೋಡೂದೇನೈತಿ? ನಿನ್ನ ನೋಡತೇನಿ."

ಅವಳು ತೆರೆದಳು.

"ಅಯ್ಯ, ನಿನಗ ನಮ್ಮವ್ವನ ಕಣ್ಣ ಬಂದಾವಲ್ಲ!"

"ಎಲ್ಲಾರ ಕಣ್ಣ ನೋಡತಿದ್ದಿ. ನಂದು ಈಗ ನೋಡಿದೇನಪಾ?"

ಅಣ್ಣ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. ನರ್ಸ್ ಬಂದು ಹೊರಗೆ ಹೋಗಿ ಎನ್ನುವವರೆಗೂ ನೋಡುತ್ತಲೇ ಇದ್ದ.