ಪಂಜರದೊಳಗಿನ ಪುಕ್ಕಟೆ ಆಟ

ಎಲ್ಲ ಕೆಟ್ಟದ್ದು ಆ ಎಂಜಿನ್ನಿನಿಂದ. ಬನಹಟ್ಟಿಯ ಬಯಲಿನಲ್ಲಿ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿನವರು ಜೇಲಿನ ಸಿನಿಮಾ ತೋರಿಸುತ್ತಿದ್ದರು. ಮಾಡದ ತಪ್ಪಿಗೆ ಒಳಗೆ ಬಿದ್ದ ಒಬ್ಬ ಕೈದಿ ವರ್ಷಗಟ್ಟಲೆ ಕಾದು ಕಾದು ಕೊನೆಗೆ ಗೋಡೆ ಹತ್ತುತ್ತಾನೆ. ಆಚೆಯಿಂದ ಅವನ ಗೆಳೆಯ ಹಗ್ಗ ಎಸೆಯುತ್ತಾನೆ. ಹಗ್ಗಕ್ಕೆ ಕೈ ಇನ್ನೇನು ತಾಗಬೇಕು, ಅಷ್ಟರಲ್ಲಿ ಕರೆಂಟು ಕೊಡುವ ಎಂಜಿನ್ನು ಗಕ್ಕನೆ ನಿಂತು ಡೇರೆಯೆಲ್ಲ ಕತ್ತಲಾಯಿತು. ಜನ ಬೈಯುತ್ತ ಮನೆಗೆ ಹೋದರು. ನೇಕಾರ ದಶರಥನೂ ಹೋದ. ಆದರೆ ಅವನ ಜೀವ ಮಾತ್ರ ಆ ಗೋಡೆಯ ಮೇಲೆಯೇ ಜೋತುಬಿದ್ದಿತ್ತು.

ಮರುದಿನದಿಂದ ಮಗ್ಗದಲ್ಲಿ ಎಳೆ ಕಡಿದರೆ ಕೈದಿ ಕೆಳಗೆ ಬಿದ್ದಂತೆ ಅವನ ಎದೆ ಧಸಕ್ಕೆನ್ನುತ್ತಿತ್ತು.

"ಅವಾ ಹೊರಗ ಬಂದ್ನೋ ಇಲ್ಲೋ?" ಎಂದು ಊಟದ ನಡುವೆ ಕೇಳಿದರೆ ಹೆಂಡತಿ ಮಾದೇವಿ, "ಬಂದ್ರ ನಮ್ಮನಿಗೇನ್ ರೊಟ್ಟಿ ಬಡ್ಯಾಕ ಬರ್ತಾನೇನು? ಸುಮ್ನ ಉಣ್ರಿ" ಎನ್ನುತ್ತಿದ್ದಳು.

ಅಮಾವಾಸ್ಯೆಯ ಸಂಜೆಗೆ ಕಡೆಯ ಆಟ, ಆಮೇಲೆ ಡೇರೆ ಮುಧೋಳಕ್ಕೆ ಎಂದು ಡಂಗುರ ಬಿತ್ತು. ದಶರಥನ ಕೈಯಲ್ಲಿ ಕಾಸಿರಲಿಲ್ಲ. ಆದರೆ ಟಾಕೀಸಿನ ಮ್ಯಾನೇಜರ್ ಒಂದು ಮಾತು ಹೇಳಿದ: ಕೈದಿಯ ವೇಷ ಹಾಕಿ, ಪಂಜರದಲ್ಲಿ ಕುಳಿತು ಊರು ಸುತ್ತಿದವನಿಗೆ ಆಟ ಪುಕ್ಕಟೆ. ಯಾವುದೋ ಸರ್ಕಸ್ಸಿನ ಕರಡಿಯ ಪಂಜರವದು. ಅದನ್ನು ಬಂಡಿಯ ಮೇಲಿಟ್ಟು, ಹಗ್ಗ ಬಿಗಿದು, ಒಳಗೆ ಹುಲ್ಲು ಹಾಸಿದ್ದರು. ದಶರಥ ಹತ್ತಿ ಕುಳಿತ. "ಕೀಲಿ ಹಾಕಿದ್ರ ಖರೆ ಕಾಣತೈತಿ" ಎಂದು ಮ್ಯಾನೇಜರ್ ಬೀಗ ಜಡಿದ. ಅದೇ ಗಡಿಬಿಡಿಯಲ್ಲಿ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು, ಡೇರೆಗೆ ಜಾಗ ನೋಡಲು ಮುಧೋಳದ ಬಸ್ಸು ಹತ್ತಿಬಿಟ್ಟ.

ಅಮಾವಾಸ್ಯೆಯ ದಿನ ಎತ್ತುಗಳಿಗೆ ನೊಗವಿಲ್ಲ. ಮಗ್ಗ ನಿಂತು ಕೆಲಸವಿಲ್ಲದ ಹುಡುಗರೇ ಬಂಡಿ ಎಳೆದರು. ಮೆರವಣಿಗೆ ಭರ್ಜರಿಯಾಯಿತು. ಮುಗಿದ ಮೇಲೆ ಬೀಗದ ಸುದ್ದಿ ಗೊತ್ತಾಯಿತು.

ಹುನ್ನೂರಿನಿಂದ ಸಿನಿಮಾ ನೋಡಲೆಂದೇ ಬಂದಿದ್ದ ದಶರಥನ ಗೆಳೆಯ, ಕುರಿ ಕಾಯುವ ಅಮಸಿದ್ದಪ್ಪ, ಕಂಬಾರ ಶಂಕರೆಪ್ಪನ ಮನೆಗೆ ಓಡಿದ. ಶಂಕರೆಪ್ಪ ಸುತ್ತಿಗೆ, ಚಾಣಗಳನ್ನು ತೊಳೆದು, ಕುಂಕುಮ ಹಚ್ಚಿ, ಮಾಡದಲ್ಲಿ ಇಟ್ಟು ಕೈಮುಗಿದು ಕುಳಿತಿದ್ದ.

"ಅಮಾಸಿ ದಿನ ಹತ್ಯಾರ ಮುಟ್ಟೂದಿಲ್ಲಪಾ. ನಾಳೆ ಮುಂಜಾನೆ ಮೊದಲನೇ ಪೆಟ್ಟು ಅವನ ಕೀಲಿಗೇ."

"ನಾಳೆ ಆಟ ಎಲ್ಲೈತೋ ಮಾರಾಯಾ?"

"ಅದನ್ನ ಒಳಗ ಹೋಗೂಕಿಂತ ಮದ್ಲ ಕೇಳಬೇಕಿತ್ತು."

ಬಡಿಗನದೂ ಅದೇ ಉತ್ತರ. ಅಮಸಿದ್ದಪ್ಪ ಸಿಟ್ಟಿಗೆದ್ದು ದೊಡ್ಡದೊಂದು ಕಲ್ಲು ಎತ್ತಿದ. ಓಣಿಯ ಹಿರಿಯ ಅಂದಾನೆಪ್ಪ ಕೋಲು ಅಡ್ಡ ಹಿಡಿದ. "ನೆಲದಾಗಿದ್ರ ಕಲ್ಲು, ಕೈಯಾಗ ಹಿಡದ್ರ ಅದೂ ಹತ್ಯಾರನ."

ಇದು ಖರೆಯೋ ಸುಳ್ಳೋ ಎಂದು ಓಣಿ ಎರಡು ಪಕ್ಷವಾಯಿತು. ವಾದ ಮುಗಿಯುವುದರೊಳಗೆ ಅಮಸಿದ್ದಪ್ಪ ಕುಟ್ಟಿಯೇಬಿಟ್ಟ. ಕಲ್ಲು ಎರಡು ಹೋಳಾಯಿತು. ಬೀಗ ಹೊಸ ಅಳಿಯನಂತೆ ಗತ್ತಿನಿಂದ ಕುಳಿತೇ ಇತ್ತು.

"ತಲಿ ಹೊಕ್ಕಲ್ಲಿ ಮೈ ಹೊಕ್ಕತೈತಿ" ಎಂದ ಅಂದಾನೆಪ್ಪ. ದಶರಥ ಸರಳುಗಳ ನಡುವೆ ತಲೆ ತೂರಿಸಿದ. ತಲೆ ಹೊರಗೆ ಬಂತು, ಮೈ ಬರಲಿಲ್ಲ. ಆಮೇಲೆ ತಲೆಯೂ ಒಳಗೆ ಹೋಗಲಿಲ್ಲ. ನೆರೆಮನೆಯ ರುಕ್ಮವ್ವ ಔಡಲೆಣ್ಣೆ ತಂದು ಕಿವಿಗೆ ಹಚ್ಚಿ, ಹೊಲದಿಂದ ಗಜ್ಜರಿ ಕೀಳುವಂತೆ ಜಗ್ಗಿದಳು. ತಲೆ ಒಳಗೆ ಹೋಯಿತು, ಕಿವಿ ಮೆಣಸಿನಕಾಯಿಯಂತೆ ಕೆಂಪಗಾದವು.

"ಉಪಾಸ ಕುಂಡ್ರು, ಸಣ್ಣಾಗತಿ, ಜಾರಿ ಬರ್ತಿ" ಎಂದು ಅಂದಾನೆಪ್ಪ ಮತ್ತೊಂದು ಉಪಾಯ ಹೇಳುತ್ತಿದ್ದರೆ, ಇನ್ನೊಂದು ಕಡೆಯಿಂದ ರುಕ್ಮವ್ವ ಹೋಳಿಗೆ ಸುರುಳಿ ಸುತ್ತಿ ಸರಳಿನ ಸಂದಿಯಿಂದ ಬಾಯಿಗೆ ತುರುಕುತ್ತಿದ್ದಳು. "ಅಮಾಸಿ ದಿನ ಮನಷ್ಯಾ ಹಸದಿರಬಾರದು. ತಿನ್ನೋ ಯಪ್ಪಾ."

ಹೊತ್ತು ಇಳಿಯಿತು. ಡೇರೆಯಲ್ಲಿ ಹಾಡಿನ ಪ್ಲೇಟು ಹಾಕಿದರು. ದಶರಥನ ಕಣ್ಣು ತುಂಬಿ ಬಂದವು. ಅದನ್ನು ಕಂಡ ಮಾದೇವಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಏನ್ ನೋಡ್ಕೋತ ನಿಂತೀರಿ? ಬಂಡಿ ಡೇರೆಕ ಎಳೀರಿ. ಪಂಜರದ ಸಮೇತ ಇವ್ರನ್ನ ಒಳಗ ಹೊರ್ರಿ!"

ಇಂಥ ಮಾತು ಓಣಿಯ ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ. ಡೇರೆಯ ಬಾಗಿಲಲ್ಲಿ ಹಗ್ಗ ಬಿಚ್ಚಿದರು. ಹತ್ತು ಮಂದಿ "ಹೈಸಾ!" ಎಂದು ಪಂಜರ ಎತ್ತಿದರು. ಪಂಜರ ಮೇಲೆ ಹೋಯಿತು. ದಶರಥ ಬಂಡಿಯ ಮೇಲೆಯೇ ಉಳಿದ, ಹುಲ್ಲಿನಲ್ಲಿ ಕಾವು ಕುಳಿತ ಕೋಳಿಯ ಹಾಗೆ.

ಪಂಜರಕ್ಕೆ ತಳವೇ ಇರಲಿಲ್ಲ. ಕರಡಿಯ ಕಾಲಕ್ಕೇ ಹಲಗೆ ಕೊಳೆತು ಉದುರಿ ಹೋಗಿತ್ತಂತೆ.

ಅಂದಾನೆಪ್ಪ ಕೆಮ್ಮಿ, "ನಾ ಹೇಳಾಂವನ ಇದ್ನಿ" ಎಂದ.

ದಶರಥ ಎದ್ದು ಕೈಕಾಲು ಝಾಡಿಸಿಕೊಂಡು ಒಳಗೆ ಹೊರಟ. ಬಾಗಿಲು ಕಾಯುವವನು ತಡೆದ. "ಟಿಕೇಟು?"

"ನಾ ಕೈದಿ ಅದೇನಲ್ರೀ."

"ಪಂಜರದಾಗಿನ ಮನಷ್ಯಾಗ ಪುಕ್ಕಟೆ ಅಂತ ಮಾತು. ನೀ ಈಗ ಹೊರಗದಿ."

ದಶರಥ ಹಿಂದೆ ತಿರುಗಿ ನೋಡಿದ. ಇಡೀ ಊರು ಬಿಚ್ಚಿಕೊಂಡು ಬಿದ್ದಿತ್ತು, ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಮುಂದೆ ನೋಡಿದ. ಬಿಳಿ ಪರದೆ ಕಾಣುತ್ತಿತ್ತು.

"ಮತ್ತ ಮುಚ್ರಪಾ" ಎಂದ.

ಒಳಗೆ ನೆಲದ ಮೇಲೆ ಅವನನ್ನು ಕೂರಿಸಿ ಪಂಜರ ಇಳಿಸುವಾಗ ಅಮಸಿದ್ದಪ್ಪನೂ ಕಂಬಳಿ ಸಮೇತ ಕೆಳಗೆ ನುಸುಳಿದ.

"ನೀ ಯಾಂವಲೇ?" ಎಂದ ಬಾಗಿಲಿನವನು.

"ನಾನೂ ಕೈದಿರೀ."

"ಏನ್ ತಪ್ಪ ಮಾಡಿ?"

"ಇವನ ಗೆಳೆತನ ಮಾಡೇನ್ರಿ."

ಎಲ್ಲರೂ ನಕ್ಕರು. ಬಾಗಿಲಿನವನಿಗೂ ನಗು ತಡೆಯಲಾಗಲಿಲ್ಲ, ಹೋಗಲಿ ಎಂದು ಬಿಟ್ಟ.

ಆಟ ನಡೆಯಿತು. ಕೈದಿ ಗೋಡೆ ಹತ್ತಿದ, ಹಗ್ಗ ಹಿಡಿದ, ಆಚೆ ಇಳಿದ, ಗೆಳೆಯನನ್ನು ಬಾಚಿ ತಬ್ಬಿಕೊಂಡ. ರುಮಾಲುಗಳು ಮೇಲೆ ಹಾರಿದವು. ರುಕ್ಮವ್ವ ಗಳಗಳನೆ ಅತ್ತಳು, ಮಾದೇವಿಯೂ ಅತ್ತಳು. ಒಬ್ಬ ಮನುಷ್ಯ ಬಿಡುಗಡೆಯಾದ ಸಂತೋಷದಲ್ಲಿ ಊರಿಗೆ ಊರೇ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಮನೆಗೆ ನಡೆಯಿತು. ಬಾಗಿಲಿನವನೂ ದೀಪ ಆರಿಸಿ ಊಟಕ್ಕೆ ಹೋದ.

ಒಂದೇ ಕಂಬಳಿಯ ಎರಡು ತುದಿಯಲ್ಲಿ ಕಣ್ಣೊರೆಸಿಕೊಂಡು ಗೆಳೆಯರಿಬ್ಬರು ತಲೆ ಎತ್ತಿದಾಗ ಡೇರೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಇಬ್ಬರೂ ಸೇರಿ ಪಂಜರ ಎತ್ತಲು ನೋಡಿದರು. ಅದು ಮಿಸುಕಲಿಲ್ಲ.

"ಲೇ ಅಮಸಿದ್ದಾ, ನೀನರ ಹೊರಗಿದ್ದಿದ್ರ ಮಂದೀನ ಕರೀತಿದ್ದಿ!"

"ಹೊರಗಿದ್ದಿದ್ರ ಆಟ ಹೆಂಗ ನೋಡ್ತಿದ್ನೋ?"

ದಶರಥ ಸರಳಿಗೆ ಬೆನ್ನು ಆನಿಸಿ ಕುಳಿತ. ಆಮೇಲೆ ಕತ್ತಲಲ್ಲಿ ಅವನ ಧ್ವನಿ ಕೇಳಿತು. "ಏನರ ಅನ್ನು, ಅವಾ ಹೊರಗ ಬಂದ ನೋಡು."

"ಬಂದ" ಎಂದ ಅಮಸಿದ್ದಪ್ಪ, ಕಂಬಳಿ ಹಾಸುತ್ತ. "ನಾವೂ ಬರ್ತೀವಿ ತಗೊ. ಈಗ ಚೂರು ಅತ್ಲಾಗ ಸರಿ, ಕಾಲು ಚಾಚತೇನಿ."